ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮುನ್ನ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಕಡೆ ಬಸವ ಜಯಂತಿಯ ವೇದಿಕೆಯ ಮೇಲೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ಕೂಲಿಕಾರರು ಮೊದಲು ಸುಧಾರಿಸಬೇಕಂತೆ. ಕುಡಿತ ಬಿಡಬೇಕು, ಮಕ್ಕಳನ್ನು ಓದಿಸಬೇಕು, ಕಾಯಕದಲ್ಲಿ ನಿಷ್ಠೆ ಇಡಬೇಕು. ಪಗಾರ, ತಾಸು, ಸಂಘ ಎಂಬ ರಾಜಕಾರಣವನ್ನು ಮಾತ್ರ ಇದರಲ್ಲಿ ಬೆರೆಸಬಾರದಂತೆ. ಹೇಳುವವರ ಕೊರಳಲ್ಲಿ ಹೂವಿನ ಹಾರ. ಕೇಳಿ ಚಪ್ಪಾಳೆ ತಟ್ಟುವವರಲ್ಲಿ ನಮ್ಮ ಗಿರಣಿಯ ಹಮಾಲರೂ ಇರುತ್ತಾರೆ.

ಕುಡಿತ ಬಿಡಬೇಕೆಂಬುದಕ್ಕೆ ನಮ್ಮ ತಕರಾರಿಲ್ಲ. ಮಕ್ಕಳು ಓದಬೇಕೆಂಬುದಕ್ಕಂತೂ ಮೊದಲೇ ಇಲ್ಲ. ತಕರಾರು ಇರುವದು ಆ ಕೊನೆಯ ಮಾತಿಗೆ. ಗಿರಣಿಯ ಬಾಗಿಲವರೆಗೆ ಬಂದು ಹೊಸ್ತಿಲ ಹೊರಗೇ ನಿಂತುಬಿಡುವ ಸುಧಾರಣೆ ಮಾಲಕನಿಗೆ ಬೇಕಾದ ಸುಧಾರಣೆ. ಅದು ಮಜೂರನನ್ನು ತಿದ್ದುತ್ತದೆ, ಮಜೂರಿಯನ್ನು ಮುಟ್ಟುವದಿಲ್ಲ.

ಬಸವಣ್ಣನ ಹೆಸರು ಹೇಳಿ ಈ ಉಪದೇಶ ಮಾಡುವದು ಇನ್ನೂ ಸೋಜಿಗ. ಬಾಗೇವಾಡಿಯಲ್ಲಿ ಹುಟ್ಟಿದ ಆ ಪುರುಷ ಬಿಜ್ಜಳನ ಭಂಡಾರವನ್ನೇ ನೋಡಿಕೊಂಡವನು. ಹಣ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲವೆ? ಹರಳಯ್ಯ, ಮಧುವರಸರ ಮಕ್ಕಳ ಮದುವೆಯ ಪ್ರಸಂಗದಲ್ಲಿ ಅರಸೊತ್ತಿಗೆಯೇ ಎದುರು ನಿಂತಿತು, ಇಬ್ಬರು ತಂದೆಯರ ತಲೆ ಹೋಯಿತು ಎಂದು ಪರಂಪರೆ ಹೇಳುತ್ತದೆ. ಇದು ರಾಜಕಾರಣವಲ್ಲದೆ ಮತ್ತೇನು? ಆಯ್ದಕ್ಕಿ ಲಕ್ಕಮ್ಮನ ಕಥೆ ನಮ್ಮ ಮನೆಮನೆಗೂ ಗೊತ್ತು. ಗಂಡ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ತಿರುಗಿ ಸುರಿದು ಬಾ ಎಂದಳಾಕೆ. ಈ ಕಥೆಯನ್ನು ಕೂಲಿಕಾರನಿಗೆ ಹೇಳುವದೇಕೆ? ಅವನ ಚೀಲದಲ್ಲಿ ಹೆಚ್ಚಿನ ಅಕ್ಕಿ ಎಲ್ಲಿದೆ? ತಿರುಗಿ ಸುರಿಯಬೇಕಾದವರು ಯಾರೆಂದು ಆ ವೇದಿಕೆಯ ಮೇಲೆ ಕುಳಿತವರೇ ಲೆಕ್ಕ ಮಾಡಲಿ.

ನಮ್ಮ ಜಿಲ್ಹೆಯಲ್ಲಿಯೇ ಫ. ಗು. ಹಳಕಟ್ಟಿಯವರಿದ್ದರು. ವಚನಗಳ ತಾಳೆಗರಿಗಳನ್ನು ಹುಡುಕಿ ಅಚ್ಚು ಹಾಕಿಸಿದವರೆಂದು ಅವರನ್ನು ನೆನೆಯುತ್ತೇವೆ. ಅವರು ಅಷ್ಟಕ್ಕೇ ಕೈತೊಳೆದುಕೊಂಡವರಲ್ಲ. 1912ರಲ್ಲಿ ವಿಜಯಪುರದಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಹುಟ್ಟಿದ್ದು ಅವರ ಪ್ರಯತ್ನದಿಂದ. ಧರ್ಮದ ಮಾತನ್ನೂ ಸಾಲದ ಬಡ್ಡಿಯನ್ನೂ ಅವರು ಬೇರೆ ಬೇರೆ ಗಂಟು ಕಟ್ಟಲಿಲ್ಲ.

ಹಾಗಾದರೆ ಈ ಎರಡನ್ನೂ ಬೇರೆ ಮಾಡುವ ವಿದ್ಯೆ ಎಲ್ಲಿಯದು? ಹಳೆಯದೇ. ಇನ್ನೂರು ವರ್ಷಗಳ ಹಿಂದೆ ಅಮೇರಿಕೆಯಲ್ಲಿ ಗಿರಣಿಗಳು ಎದ್ದಾಗ ಇದೇ ಮಾತು ಅಲ್ಲಿಯೂ ಎದ್ದಿತ್ತು. ಅದನ್ನು ತಿಳಿದುಕೊಂಡರೆ ನಮ್ಮ ಇಂದಿನ ಗೋಳು ಅರ್ಥವಾದೀತು.

ಬೋಸ್ಟನ್ನಿನ ವ್ಯಾಪಾರಿಗಳು 1820ರ ಸುಮಾರಿಗೆ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ಮೆರಿಮ್ಯಾಕ್ ಹೊಳೆಯ ದಂಡೆಗೆ ಲೋವೆಲ್ ಎಂಬ ಗಿರಣಿ ಪಟ್ಟಣ ಕಟ್ಟಿಸಿದರು. ಒಕ್ಕಲುತನದ ಮನೆಗಳ ಹೆಣ್ಣುಮಕ್ಕಳನ್ನು ಕರೆತಂದು ಮಗ್ಗಕ್ಕೆ ನಿಲ್ಲಿಸಿದರು. ಅವರಿಗೆ ಕಂಪನಿಯ ವಸತಿಗೃಹ, ರಾತ್ರಿ ಹತ್ತಕ್ಕೆ ಬಾಗಿಲು ಬಂದ್, ರವಿವಾರ ತಪ್ಪದೆ ಚರ್ಚು, ಓದಲು ಪುಸ್ತಕ. ನೋಡಬಂದ ದೊಡ್ಡ ಮನುಷ್ಯರೆಲ್ಲ ಭೇಷ್ ಎಂದರು. 1826ರಲ್ಲಿ ಅದೇ ಬೋಸ್ಟನ್ನಿನಲ್ಲಿ ಪಾನನಿರೋಧದ ದೊಡ್ಡ ಸಂಘ ಹುಟ್ಟಿತು. ಸುಧಾರಣೆಗೆ ಏನೂ ಕೊರತೆಯಿರಲಿಲ್ಲ. ಆದರೆ ಗಂಟೆ ಬಾರಿಸಿದಾಗ ಆ ಹುಡುಗಿಯರು ದಿನಕ್ಕೆ 12, 13 ತಾಸು ದುಡಿಯುತ್ತಿದ್ದರು. ಈ ತಾಸಿನ ಲೆಕ್ಕ ಯಾವ ಪ್ರವಚನದಲ್ಲಿಯೂ ಬರಲಿಲ್ಲ.

1834ರಲ್ಲಿ ಪಗಾರ ಕಡಿಮೆ ಮಾಡಿದಾಗ ಅವರು ಮಗ್ಗ ಬಿಟ್ಟು ಬೀದಿಗಿಳಿದರು. 1836ರಲ್ಲಿ ಊಟ ವಸತಿಯ ದರ ಏರಿಸಿದಾಗ ಮತ್ತೆ ಇಳಿದರು. ಈ ಸಲ ಸುಮಾರು 1500 ಮಂದಿ. 1845ರಲ್ಲಿ ಸಾರಾ ಬ್ಯಾಗ್ಲಿ ಎಂಬ ಗಿರಣಿ ಹೆಣ್ಣುಮಗಳ ಮುಂದಾಳುತನದಲ್ಲಿ ಸಂಘ ಕಟ್ಟಿ, ಹತ್ತು ತಾಸಿನ ದಿನ ಬೇಕೆಂದು ಸಾವಿರಾರು ಸಹಿಗಳ ಅರ್ಜಿಯನ್ನು ಶಾಸನಸಭೆಗೆ ಒಪ್ಪಿಸಿದರು. ಸಭೆಯ ಸಮಿತಿ ಅವರ ಸಾಕ್ಷಿ ಕೇಳಿತು. ಕೇಳಿ ಏನು ಹೇಳಿತು? ತಾಸಿನ ವಿಚಾರವನ್ನು ಮಾಲಕ ಮಜೂರರು ತಮ್ಮ ತಮ್ಮಲ್ಲಿಯೇ ತೀರಿಸಿಕೊಳ್ಳಲಿ, ಇದಕ್ಕೆ ಕಾಯದೆ ಬೇಡ ಎಂದಿತು. ಮ್ಯಾಸಚೂಸೆಟ್ಸಿನಲ್ಲಿ ಹೆಂಗಸರಿಗೂ ಮಕ್ಕಳಿಗೂ ಹತ್ತು ತಾಸಿನ ಕಾಯದೆ ಬಂದದ್ದು 1874ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರೇ ಮಗ್ಗದ ಮುಂದೆ ಸವೆದುಹೋಗಿತ್ತು.

ನೆರೆಯ ನ್ಯೂ ಹ್ಯಾಂಪ್‌ಷೈರ್ ಪ್ರಾಂತದ ಕಥೆಯನ್ನು ನಮ್ಮ ಓದುಗರು ಸರಿಯಾಗಿ ನೆನಪಿಡಬೇಕು. ಅಲ್ಲಿ 1847ರಲ್ಲಿಯೇ ಹತ್ತು ತಾಸಿನ ಕಾಯದೆ ಆಯಿತು. ಮಜೂರರು ಹಿಗ್ಗಿದರು. ಆದರೆ ಕಾಯದೆಯ ಹೊಟ್ಟೆಯಲ್ಲಿ ಒಂದು ಸಣ್ಣ ತೂತು ಇತ್ತು: ಮಜೂರ ತಾನಾಗಿ ಕರಾರು ಬರೆದುಕೊಟ್ಟರೆ ಹತ್ತಕ್ಕಿಂತ ಹೆಚ್ಚು ತಾಸು ದುಡಿಸಬಹುದು. ಕಾಯದೆ ಜಾರಿಗೆ ಬರುವ ಮೊದಲೇ ಮಾಲಕರು ಅಂಥ ಕರಾರಿನ ಕಾಗದಗಳನ್ನು ಗಿರಣಿಗಳಲ್ಲಿ ಹಂಚಿದರು. ಸಹಿ ಹಾಕಿದವರು ಮೊದಲಿನಂತೆಯೇ ದುಡಿದರು. ಸಹಿ ಹಾಕದವರು ಹೊರಗೆ ಬಿದ್ದರು. ಕಾಯದೆಗೆ ಕಾಯದೆಯೂ ಉಳಿಯಿತು, ಮಾಲಕನ ಗಂಟೆಯೂ ಉಳಿಯಿತು!

ಆ ಗಿರಣಿಗಳಿಗೆ ಹತ್ತಿ ಎಲ್ಲಿಂದ ಬರುತ್ತಿತ್ತು ಎಂಬುದನ್ನೂ ಕೇಳಬೇಕಲ್ಲವೆ? ದಕ್ಷಿಣದ ಗುಲಾಮರ ಹೊಲಗಳಿಂದ. 1790ರಲ್ಲಿ ಅಲ್ಲಿ ಸುಮಾರು 7 ಲಕ್ಷ ಗುಲಾಮರಿದ್ದರು. 1860ಕ್ಕೆ ಅವರು 39 ಲಕ್ಷ ಮೀರಿದ್ದರು. ಹತ್ತಿಯ ಹೊಲ ಬೇಕೆಂದು ಚೆರೊಕೀ ಮೊದಲಾದ ಮೂಲನಿವಾಸಿಗಳನ್ನು ಅವರ ನೆಲದಿಂದ ಕೀಳಲು 1830ರಲ್ಲಿ ಕಾಯದೆಯಾಯಿತು. ಸಾಮಾನ್ಯ ಜನರ ಅಧ್ಯಕ್ಷನೆಂದು ಕರೆಸಿಕೊಂಡ ಆಂಡ್ರ್ಯೂ ಜಾಕ್ಸನ್ ಅದಕ್ಕೆ ಸಹಿ ಹಾಕಿದ. ಆಸ್ತಿಯಿಲ್ಲದ ಬಿಳಿ ಗಂಡಸಿಗೂ ಮತ ಸಿಕ್ಕ ಕಾಲ ಅದು. ಕರಿಯನಿಗೆ ಬಹಳ ಕಡೆ ಇಲ್ಲ, ಹೆಂಗಸಿಗೆ ಇಲ್ಲವೇ ಇಲ್ಲ. ಗುಲಾಮರು ಬೆಳೆದ ಹತ್ತಿಯನ್ನು ಲೋವೆಲ್ಲಿನ ಹುಡುಗಿಯರು ನೇಯ್ದರು, ಅದರಲ್ಲಿಯ ಒರಟು ಬಟ್ಟೆ ತಿರುಗಿ ಗುಲಾಮರ ಮೈಗೇ ಹೋಯಿತು. ಲಾಭ ಮಾತ್ರ ನಡುವೆ ಉಳಿಯಿತು.

ಈ ಕಥೆ ಹಡಗು ಹತ್ತಿ ನಮ್ಮ ಬಾಗಿಲಿಗೂ ಬಂದಿದೆ. 1876ರಿಂದ 78ರ ಬರದಲ್ಲಿ ನಮ್ಮ ಜಿಲ್ಹೆ ನುಚ್ಚುನೂರಾಯಿತು. 1872ರ ಖಾನೇಸುಮಾರಿಯಲ್ಲಿ 8 ಲಕ್ಷದಷ್ಟಿದ್ದ ಜನ 1881ಕ್ಕೆ 6 ಲಕ್ಷ ಚಿಲ್ಲರೆಗೆ ಇಳಿದರು. ಡೋಣಿ ಬೆಳೆದರೆ ಓಣಿ ತುಂಬ ಕಾಳು ಎನ್ನುವ ಸೀಮೆಯ ಗತಿ ಇದು! ಅದೇ ಹೊತ್ತಿಗೆ ಸೊಲ್ಲಾಪುರದಲ್ಲಿ ಮೊದಲನೆಯ ದೊಡ್ಡ ನೂಲಿನ ಗಿರಣಿ, ನಮ್ಮವರು ಜುನೀ ಮಿಲ್ಲು ಎನ್ನುವದು, ಶುರುವಾಯಿತು. 1884ರಲ್ಲಿ ಹೊಟಗಿಯಿಂದ ಇಂಡಿ ರೋಡ, ವಿಜಯಪುರ ಹಾದು ಗದಗಕ್ಕೆ ರೈಲು ಬಂದಿತು. ಕಾಳು ಕಳಕೊಂಡವರಿಗೆ ಗಿರಣಿಯ ದಾರಿ ತೆರೆಯಿತು.

ಎಲ್ಲರೂ ತಾವಾಗಿ ಹೋದವರಲ್ಲ. 1911ರ ಅಪರಾಧಿ ಬುಡಕಟ್ಟುಗಳ ಕಾಯದೆಯ ಪ್ರಕಾರ ಹರಣಶಿಕಾರಿ, ಛಪ್ಪರಬಂದ ಮೊದಲಾದ ಜಾತಿಗಳಿಗೆ ಹುಟ್ಟುಗಳ್ಳರೆಂಬ ಪಟ್ಟ ಕಟ್ಟಿ, ತಂತಿ ಬೇಲಿಯ ವಸಾಹತುಗಳಲ್ಲಿ ಕೂಡಿಹಾಕಿದರು. ವಿಜಯಪುರ, ಹುಬ್ಬಳ್ಳಿ, ಸೊಲ್ಲಾಪುರಗಳಲ್ಲಿ ಇಂಥ ವಸಾಹತುಗಳಿದ್ದವು. ಹಾಜರಿ ಕೊಡಬೇಕು, ಚೀಟಿ ಇಲ್ಲದೆ ಹೊರಗೆ ಹೋಗಬಾರದು, ಗಿರಣಿಗೆ ಮಾತ್ರ ಹೋಗಬೇಕು. ಇದನ್ನು ಸರಕಾರ ಸುಧಾರಣೆ ಎಂದೇ ಕರೆಯಿತು. ಸೊಲ್ಲಾಪುರದ ವಸಾಹತನ್ನು ನಡೆಸಿದವರು ಅಮೇರಿಕನ್ ಮಿಶನ್ನಿನವರು. ಆ ಮಿಶನ್ನನ್ನು ಕಳಿಸಿದ ಮಂಡಳಿ 1810ರಲ್ಲಿ ಹುಟ್ಟಿದ್ದು ಲೋವೆಲ್ ಪಟ್ಟಣದ ಅದೇ ಮ್ಯಾಸಚೂಸೆಟ್ಸಿನಲ್ಲಿ. ಅವರಲ್ಲಿ ದಯಾವಂತರು ಇದ್ದಿರಬಹುದು, ಶಾಲೆ ದವಾಖಾನೆಗಳನ್ನೂ ಮಾಡಿರಬಹುದು. ಆದರೆ ಬೇಲಿಯೊಳಗಿನ ಮನುಷ್ಯ ಪಗಾರ ಸಾಲದೆಂದು ಕೆಲಸ ಬಿಟ್ಟು ಹೋಗಬಲ್ಲನೆ? ಬಿಟ್ಟು ಹೋಗಲಾರದವನ ದುಡಿಮೆಗೆ ಏನೆಂದು ಹೆಸರು? ಆ ಕಾಯದೆ ದೇಶದಲ್ಲಿ ರದ್ದಾದದ್ದು 1952ರಲ್ಲಿ, ಸ್ವಾತಂತ್ರ್ಯ ಬಂದು ಐದು ವರ್ಷಗಳ ಮೇಲೆ.

ಗಿರಣಿಯ ಜನ ಸುಮ್ಮನೆ ಕೂಡ್ರಲಿಲ್ಲ. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರನ್ನು ಹಿಡಿದಾಗ ಸೊಲ್ಲಾಪುರದ ಮಜೂರರು ಗಿರಣಿ ಬಿಟ್ಟು ಹೊರಬಿದ್ದರು. ಸರಕಾರ ಫೌಜಿನ ಆಡಳಿತವನ್ನೇ ಹೇರಬೇಕಾಯಿತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕೃಷ್ಣ ಸಾರಡಾ ಈ ನಾಲ್ವರು ಗಲ್ಲಿಗೇರಿದರು. ಮಜೂರನಿಗೆ ರಾಜಕಾರಣ ಬೇಡವೆನ್ನುವವರು ಈ ನಾಲ್ಕು ಹೆಸರು ಹೇಳಿ ಆಮೇಲೆ ಮಾತಾಡಲಿ.

ಆದರೂ ಸ್ವಾತಂತ್ರ್ಯದ ಮೇಲೆ ಏನಾಯಿತು ನೋಡಿರಿ. 1949ರಲ್ಲಿ ಆ ಜುನೀ ಮಿಲ್ಲಿನ ಆಡಳಿತದವರು ಗಿರಣಿ ಮುಚ್ಚಿದರು. ಮುಂದಿನ ವರ್ಷ ಸರಕಾರ ಅದನ್ನು ವಶಕ್ಕೆ ತೆಗೆದುಕೊಂಡಿತು. ಶೇರುದಾರರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1950ರಲ್ಲಿ ಸರಕಾರದ ಕಡೆಗೆ ತೀರ್ಪಾಯಿತು, 1953ರ ಕೊನೆಗೆ ಇನ್ನೊಂದು ವ್ಯಾಜ್ಯದಲ್ಲಿ ಶೇರುದಾರರ ಕಡೆಗೆ ಆಯಿತು. ಎರಡು ಸಲವೂ ತೂಗಿದ್ದು ಶೇರಿನ ಹಕ್ಕನ್ನು. ಶೇರಿಗೆ ಆಸ್ತಿಯ ಹಕ್ಕಿತ್ತು. ಇಪ್ಪತ್ತು ವರ್ಷ ಮಗ್ಗ ನಡೆಸಿದ ಕೈಗೆ ಆ ಮಗ್ಗದ ಮೇಲೆ ಯಾವ ಹಕ್ಕೂ ಇರಲಿಲ್ಲ.

ಸುಧಾರಣೆಯ ಇನ್ನೊಂದು ದಾರಿಯೂ ಇದೆ, ಅದೂ ನಮ್ಮದೇ. ಜೋತಿಬಾ ಫುಲೆಯವರು 1873ರಲ್ಲಿ ತಮ್ಮ ಗುಲಾಮಗಿರಿ ಗ್ರಂಥವನ್ನು ಗುಲಾಮರ ಬಿಡುಗಡೆಗೆ ಹೆಣಗಿದ ಅಮೇರಿಕೆಯ ಜನರಿಗೆ ಅರ್ಪಿಸಿದರು. ಅವರ ಅನುಯಾಯಿ ನಾರಾಯಣ ಮೇಘಾಜಿ ಲೋಖಂಡೆಯವರು ಮುಂಬಯಿಯ ಗಿರಣಿ ಚಾಳುಗಳಿಗೆ ಹೋಗಿ ಮಜೂರರನ್ನು ಕೂಡಿಸಿ, 1890ರಲ್ಲಿ ರವಿವಾರದ ರಜೆ ಪಡೆದರು. ಜಾತಿಯ ಬೇಡಿ ಮುರಿಯುವ ಕೈಯೇ ಗಿರಣಿಯ ಗಡಿಯಾರವನ್ನೂ ಹಿಡಿಯಿತು. ನಾವು ಬೇಡುವದು ಈ ಸುಧಾರಣೆಯನ್ನು.

ಗಡಿಯಾರದ ಲೆಕ್ಕ ಇಲ್ಲಿದೆ. ನಮ್ಮ ದೇಶದ ಗಿರಣಿಗಳಲ್ಲಿ ಗಂಡಸಿನ ದಿನಕ್ಕೆ 12 ತಾಸಿನ ಮಿತಿ ಬಂದದ್ದು 1911ರಲ್ಲಿ. 1922ರಲ್ಲಿ 11, 1934ರಲ್ಲಿ 10. ಡಾ. ಅಂಬೇಡಕರರು ಕಾರ್ಮಿಕ ಖಾತೆ ನೋಡುತ್ತಿದ್ದ ಕಾಲದ ಪ್ರಯತ್ನದಿಂದ 1946ರಲ್ಲಿ ದಿನಕ್ಕೆ 9, ವಾರಕ್ಕೆ 48. ಒಂದೊಂದು ತಾಸಿಗೂ ಎಷ್ಟೋ ಮುಷ್ಕರ, ಎಷ್ಟೋ ಉಪವಾಸ. 2023ರಲ್ಲಿ ಕರ್ನಾಟಕದ ಶಾಸನಸಭೆ ಕಾರಖಾನೆ ಕಾಯದೆ ತಿದ್ದಿ ದಿನಕ್ಕೆ 12 ತಾಸಿಗೆ ದಾರಿ ಮಾಡಿತು. 112 ವರ್ಷಗಳ ಹಿಂದಿನ ಗೂಟಕ್ಕೆ ತಿರುಗಿ ತಂದು ಕಟ್ಟಿತು!

ವಾರದ 48 ತಾಸು ಹಾಗೇ ಇದೆಯಲ್ಲ ಎಂದು ಅದನ್ನು ಮಾಡಿದವರು ಹೇಳಿದರು. ಅದೇ ತಿದ್ದುಪಡಿಯಲ್ಲಿ, ಮೂರು ತಿಂಗಳಿಗೆ 75 ತಾಸಿದ್ದ ಹೆಚ್ಚುವರಿ ದುಡಿಮೆಯ ಮಿತಿಯನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿದ್ದನ್ನು ಮೆಲ್ಲಗೆ ನುಂಗಿಕೊಂಡರು. ಮತ್ತೆ ಹೇಳಿದರು: ಮಜೂರ ಲಿಖಿತ ಒಪ್ಪಿಗೆ ಕೊಟ್ಟರೆ ಮಾತ್ರ. ಲಿಖಿತ ಒಪ್ಪಿಗೆ! ನ್ಯೂ ಹ್ಯಾಂಪ್‌ಷೈರಿನ 1847ರ ತೂತು ನಿಮಗೆ ನೆನಪಾಗಲಿಲ್ಲವೆ? ಮನೆಯಲ್ಲಿ ಜೋಳದ ಹಗೇವು ತುಂಬಿದವನು ಒಲ್ಲೆ ಎನ್ನಬಲ್ಲ. ಶಾಲೆಯ ಫೀಯಿಗೂ ದವಾಖಾನೆಗೂ ಕೈಗಡ ತಂದವನು ಏನೆಂದಾನು? ಹಸಿವು ಬರೆದುಕೊಟ್ಟದ್ದಕ್ಕೆ ಒಪ್ಪಿಗೆ ಎನ್ನಬಾರದು. 2025ರ ನವೆಂಬರ 21ರಂದು ಕೇಂದ್ರ ಸರಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿ ಮಾಡಿ ಹಳೆಯ ಕಾಯದೆಗಳನ್ನು ಮಡಚಿಟ್ಟಿತು. ಹೊಸ ನಿಯಮಗಳ ಕೆಳಗೆ ನಾಳೆ ಯಾವ ಕಾಗದ ಮುಂದೆ ಬಂದೀತು ಎಂಬ ಎಚ್ಚರ ಇಂದೇ ಬೇಕು.

ಕಿರಾಣಿ ಅಂಗಡಿಯ ಬಂಧುಗಳೇ, ಇದು ನಮ್ಮ ಮಾತಲ್ಲ ಎಂದು ಪುಟ ತಿರುವಬೇಡಿರಿ. ನಿಮ್ಮ ಗಲ್ಲೆಗೆ ಬೀಳುವ ರೊಕ್ಕ ಮಜೂರನ ಪಗಾರವೇ. ಊರಲ್ಲಿ ಹೊಟ್ಟೆ ತುಂಬದೆ ಅವನು ಗೋವೆಗೋ, ಪುಣೆಗೋ ಗುಳೆ ಹೋದರೆ ಸಿಂದಗಿಯ ಸಂತೆಯಲ್ಲಿ ಕೊಳ್ಳುವವರಾರು? ಹನ್ನೆರಡು ತಾಸು ದುಡಿದು ಬಂದವನಿಗೆ ಪೇಟೆಗೆ ಬರುವ ತ್ರಾಣವೆಲ್ಲಿ? ಮೂವರ ಕೆಲಸವನ್ನು ಇಬ್ಬರಿಂದ ಮಾಡಿಸಿದರೆ ಮೂರನೆಯವನ ಉದ್ರಿ ನಿಮ್ಮ ವಹಿಯಲ್ಲಿಯೇ ಒಣಗುತ್ತದೆ. ದೊಡ್ಡ ಬಂಡವಾಳ ಮಜೂರನನ್ನು ಮೊದಲು ಹಿಂಡುತ್ತದೆ, ನಿಮ್ಮನ್ನು ಆಮೇಲೆ. ಅಷ್ಟೇ ಅಂತರ.

ಇನ್ನೊಂದು ಮಾತು. ನಮ್ಮವರು ಹೊರಗೆ ಹೋಗುತ್ತಾರೆ, ಹೊರಗಿನವರು ಇಲ್ಲಿಗೆ ಬರುತ್ತಾರೆ. 2023ರ ಡಿಸೆಂಬರಿನಲ್ಲಿ ವಿಜಯಪುರದ ಕೈಗಾರಿಕಾ ಪ್ರದೇಶದ ಒಂದು ಉಗ್ರಾಣದಲ್ಲಿ ಗೋವಿನಜೋಳದ ಚೀಲಗಳ ರಾಶಿಯ ಕೆಳಗೆ ಸಿಕ್ಕು ಬಿಹಾರದ 7 ಮಂದಿ ಕೂಲಿಕಾರರು ಸತ್ತರು. ಅವರು ನಮ್ಮ ಕೂಲಿ ಕಸಿಯಲು ಬಂದವರೆಂದು ಗೊಣಗುವವರಿದ್ದಾರೆ. ಲೋವೆಲ್ಲಿನಲ್ಲಿಯೂ ಊರ ಹುಡುಗಿಯರ ಬದಲಿಗೆ ಹಸಿದ ಐರಿಶ್ ಜನರನ್ನು ತಂದು, ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ ಪಗಾರ ಇಳಿಸಿದರು. ಬಿಹಾರದವನು ಸಂಘದಲ್ಲಿ ಇಲ್ಲದಿದ್ದರೆ ನಮ್ಮ ಸಂಘಕ್ಕೆ ಒಂದು ಗೋಡೆ ಇಲ್ಲವೆಂದೇ ತಿಳಿಯಿರಿ.

ಏನು ಮಾಡಬೇಕು? ತಮಿಳುನಾಡಿನಲ್ಲಿ 2023ರ ಏಪ್ರಿಲಿನಲ್ಲಿ ಇಂಥದೇ 12 ತಾಸಿನ ಮಸೂದೆ ಪಾಸಾಯಿತು. ಸಂಘಗಳೆಲ್ಲ ಒಟ್ಟಾಗಿ ಎದ್ದವು. ಮೇ 1ರಂದು ಅಲ್ಲಿಯ ಮುಖ್ಯಮಂತ್ರಿ ಅದನ್ನು ಹಿಂತೆಗೆದುಕೊಂಡೆನೆಂದು ಸಾರಬೇಕಾಯಿತು. ಹತ್ತು ದಿನದ ಕೆಲಸ ಅದು. ಒಗ್ಗಟ್ಟಿದ್ದರೆ ಹತ್ತು ದಿನ ಸಾಕು. ಇಲ್ಲದಿದ್ದರೆ ಲೋವೆಲ್ಲಿನಂತೆ ಮೂವತ್ತು ವರ್ಷವೂ ಸಾಲದು.

ಆದ್ದರಿಂದ ಜಿನ್ನಿಂಗ್ ಇರಲಿ, ಎಣ್ಣೆ ಗಿರಣಿ ಇರಲಿ, ಸಕ್ಕರೆ ಕಾರಖಾನೆ ಇರಲಿ, ಯಾವ ಕಾಗದಕ್ಕೂ ಒಬ್ಬೊಬ್ಬರೇ ಸಹಿ ಹಾಕಬೇಡಿರಿ. ಕಾಗದವನ್ನು ಸಂಘಕ್ಕೆ ತನ್ನಿರಿ, ಕನ್ನಡದಲ್ಲಿ ಗಟ್ಟಿಯಾಗಿ ಓದಿಸಿರಿ, ಕೂಡಿ ನಿರ್ಣಯ ಮಾಡಿರಿ. ಬರುವ ಬಸವ ಜಯಂತಿಗೆ ತಪ್ಪದೆ ಹೋಗಿರಿ, ಮುಂದಿನ ಸಾಲಿನಲ್ಲಿಯೇ ಕೂಡ್ರಿರಿ. ಹಾರ ಹಾಕಿಕೊಂಡವರು ಕಾಯಕದ ಮಾತೆತ್ತಿದಾಗ ಎದ್ದು ನಿಂತು ಎರಡೇ ಪ್ರಶ್ನೆ ಕೇಳಿರಿ: ಎಷ್ಟು ತಾಸು? ಎಷ್ಟು ಪಗಾರ? ಉತ್ತರ ಬರುವವರೆಗೆ ಚಪ್ಪಾಳೆ ತಟ್ಟಬೇಡಿರಿ.