ತುರಿಕೆಯ ಮುಲಾಮೂ ಸಂಜೆಯ ವೈದ್ಯರೂ

ಚರ್ಮದ ರೋಗವನ್ನು ನಮ್ಮ ಜನ ರೋಗವೆಂದೇ ಎಣಿಸುವುದಿಲ್ಲ. ಜ್ವರ ಬಂದವನು ಮಲಗುತ್ತಾನೆ, ಕೈ ಮುರಿದವನು ಆಸ್ಪತ್ರೆಗೆ ಹೋಗುತ್ತಾನೆ. ತೊಡೆಸಂದಿಯಲ್ಲಿ ಹುಳುಕಡ್ಡಿ ಎದ್ದವನು ಮಾತ್ರ ನಾಚಿಕೆಯಿಂದ ಯಾರಿಗೂ ಹೇಳದೆ ಕೆಲಸಕ್ಕೆ ಹೋಗುತ್ತಾನೆ. ರಾತ್ರಿ ನಿದ್ರೆಯಿಲ್ಲ, ಹಗಲು ಯಂತ್ರದ ಮುಂದೆ ಗಮನವಿಲ್ಲ. ಕಡೆಗೆ ಮನೆಗೆ ಬರುವ ದಾರಿಯಲ್ಲಿ ಔಷಧದ ಅಂಗಡಿಯಿಂದ ಒಂದು ಟ್ಯೂಬು ಮುಲಾಮು ತಂದು ಹಚ್ಚಿಕೊಳ್ಳುತ್ತಾನೆ. ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ. ಕೆಲವು ವಾರಗಳಲ್ಲಿ ಮೊದಲಿಗಿಂತ ದೊಡ್ಡದಾಗಿ ಮರಳಿ ಬರುತ್ತದೆ. ಈ ಟ್ಯೂಬಿನೊಳಗೆ ಏನಿದೆ, ದುಡಿಯುವವನು ವೈದ್ಯರನ್ನು ಬಿಟ್ಟು ಇದಕ್ಕೇ ಏಕೆ ಕೈಚಾಚುತ್ತಾನೆ ಎಂಬ ಎರಡು ಪ್ರಶ್ನೆಗಳನ್ನು ನಮ್ಮ ಓದುಗರ ಮುಂದೆ ಇಡುತ್ತೇವೆ.

ಮೊದಲು ರೋಗದ ಮಾತು. ಹುಳುಕಡ್ಡಿ ಎಂಬ ಹೆಸರಿದ್ದರೂ ಅದರಲ್ಲಿ ಹುಳುವಿಲ್ಲ. ಉಪ್ಪಿನಕಾಯಿಯ ಮೇಲೆ ಹಿಡಿಯುವ ಬೂಷ್ಟಿನ ಜಾತಿಯದೇ ಒಂದು ಶಿಲೀಂಧ್ರ ಅದು. ಬೆವರು, ಬಿಗಿಯಾದ ಬಟ್ಟೆ, ಗಾಳಿಯಾಡದ ಕೋಣೆ ಇವು ಅದಕ್ಕೆ ಗೊಬ್ಬರ. ಕಜ್ಜಿಯದು ಬೇರೆ ದಾರಿ. ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯೊಂದು ಚರ್ಮದೊಳಗೆ ಬಿಲ ತೋಡುತ್ತದೆ. ಬೆರಳ ಸಂದಿ, ಮಣಿಕಟ್ಟು, ಸೊಂಟ ಅದರ ಇಷ್ಟದ ಜಾಗಗಳು. ರಾತ್ರಿಯಾದರೆ ತುರಿಕೆ ಹೆಚ್ಚು. ಮೂರನೆಯದು ಇಸುಬು. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಸಿಮೆಂಟು, ಬಣ್ಣ, ಯಂತ್ರದ ಎಣ್ಣೆ, ಸೋಪಿನ ಪುಡಿ ಮುಟ್ಟಿ ಮುಟ್ಟಿ ಕೈಯ ಚರ್ಮ ಬಿರಿದಾಗ ಬರುವುದು ಬಹುಮಟ್ಟಿಗೆ ಇದೇ. ನೋಡುವುದಕ್ಕೆ ಮೂರೂ ಕೆಂಪು, ಮೂರೂ ತುರಿಕೆ. ಆದರೆ ಒಂದರ ಔಷಧ ಇನ್ನೊಂದಕ್ಕೆ ನಾಟದು. ಎಷ್ಟೋ ಸಲ ಕೇಡನ್ನೇ ಮಾಡುವುದು. ನಂಜು ಎಂದು ಬದನೆಕಾಯಿ ಬಿಟ್ಟ ಮಾತ್ರಕ್ಕೆ ಬೂಷ್ಟೂ ಸಾಯುವುದಿಲ್ಲ, ನುಸಿಯೂ ಸಾಯುವುದಿಲ್ಲ.

ಇನ್ನು ಟ್ಯೂಬಿನ ವಿಚಾರ. ಇಂಥ ಬಹಳಷ್ಟು ಮುಲಾಮುಗಳಲ್ಲಿ ಬೂಷ್ಟಿನ ಔಷಧ, ಕೀವಿನ ಔಷಧ, ಜೊತೆಗೆ ಕ್ಲೋಬೆಟಸಾಲ್ ಅಥವಾ ಬೀಟಾಮೆಥಸೋನ್ ಎಂಬ ಸ್ಟೀರಾಯ್ಡು ಮೂರನ್ನೂ ಕಲಸಿರುತ್ತಾರೆ. ಸ್ಟೀರಾಯ್ಡು ರೋಗವನ್ನು ಕೊಲ್ಲುವುದಿಲ್ಲ. ರೋಗದೊಡನೆ ಹೋರಾಡುವ ದೇಹದ ಶಕ್ತಿಯನ್ನು ಆ ಜಾಗದಲ್ಲಿ ಅಡಗಿಸುತ್ತದೆ. ಹೋರಾಟ ನಿಂತರೆ ಕೆಂಪೂ ಇಲ್ಲ, ತುರಿಕೆಯೂ ಇಲ್ಲ. ರೋಗಿ ವಾಸಿಯಾಯಿತೆಂದು ತಿಳಿಯುತ್ತಾನೆ. ಬೂಷ್ಟು ನಿಶ್ಚಿಂತೆಯಿಂದ ಹಬ್ಬುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ತೊಡೆಯಲ್ಲಿ ಸೀಳಿದಂಥ ಗೆರೆಗಳು ಮೂಡಿ ಅಳಿಯದೆ ಉಳಿಯುತ್ತವೆ. ಇಸುಬಿಗೆ ವೈದ್ಯರು ಇದೇ ಸ್ಟೀರಾಯ್ಡನ್ನು ಲೆಕ್ಕವಿಟ್ಟು ಕೆಲವು ದಿನಕ್ಕೆ ಕೊಡುವುದುಂಟು. ಔಷಧ ಕೆಟ್ಟದ್ದಲ್ಲ, ಲೆಕ್ಕವಿಲ್ಲದೆ ಹಚ್ಚುವುದು ಕೆಟ್ಟದ್ದು.

ಇದರ ಫಲ ದೇಶದ ಗಡಿಯನ್ನೂ ದಾಟಿದೆ. ಸಾಮಾನ್ಯ ಮಾತ್ರೆಗೆ ಸುಲಭವಾಗಿ ಬಗ್ಗದ ಒಂದು ಹುಳುಕಡ್ಡಿ ಶಿಲೀಂಧ್ರಕ್ಕೆ ೨೦೨೦ರಲ್ಲಿ ವಿಜ್ಞಾನಿಗಳು ಇಂಡೋಟಿನಿಯೆ ಎಂದು ಭಾರತವನ್ನು ನೆನಪಿಸುವ ಹೆಸರನ್ನೇ ಇಟ್ಟರು. ನ್ಯೂಯಾರ್ಕಿನಲ್ಲೂ ಅದು ಕಾಣಿಸಿಕೊಂಡದ್ದು ೨೦೨೩ರಲ್ಲಿ ವರದಿಯಾಯಿತು. ಇಂಥ ಹೆಸರಿನಿಂದ ನಮಗೆ ಯಾವ ಕೀರ್ತಿ?

ಕೇಂದ್ರ ಸರ್ಕಾರವು ೨೦೧೮ರ ಮಾರ್ಚಿಯಲ್ಲಿ ಹದಿನಾಲ್ಕು ಬಗೆಯ ಸ್ಟೀರಾಯ್ಡು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿತು. ಹೀಗಿದ್ದೂ ಚೀಟಿಯಿಲ್ಲದೆ ಟ್ಯೂಬು ಸಿಗುತ್ತಿದೆಯೆಂಬುದು ಓದುಗರಿಗೆ ಗೊತ್ತೇ ಇದೆ. ನಮ್ಮ ಓದುಗರಲ್ಲಿ ಔಷಧ ವ್ಯಾಪಾರಿಗಳೂ ಇದ್ದಾರೆ. ಅವರನ್ನು ನಾವು ಕಳ್ಳರೆಂದು ಕರೆಯುವುದಿಲ್ಲ. ತಾನು ಕೊಡದಿದ್ದರೆ ಪಕ್ಕದವನು ಕೊಡುತ್ತಾನೆಂಬ ಅವರ ಭಯ ನಮಗೆ ತಿಳಿದದ್ದೇ. ಆದರೆ ಎದುರಿಗೆ ನಿಂತವನು ನಾಳೆಯೂ ನಿಮ್ಮ ಗಿರಾಕಿ. ಅವನನ್ನು ವೈದ್ಯರ ಬಳಿಗೆ ಕಳುಹಿಸಿದರೆ ಚೀಟಿ ಹಿಡಿದು ನಿಮ್ಮ ಅಂಗಡಿಗೇ ಮರಳಿ ಬರುತ್ತಾನೆ. ಸರ್ಕಾರವೂ ಸಣ್ಣ ಅಂಗಡಿಯವನಿಗೆ ನೋಟೀಸು ಕೊಟ್ಟು ಕೈತೊಳೆದುಕೊಂಡರೆ ಸಾಲದು. ಈ ಮಿಶ್ರಣವನ್ನು ತಯಾರಿಸುವ ದೊಡ್ಡ ಕಂಪೆನಿಗಳ ಬಾಗಿಲಿಗೆ ಮೊದಲು ಹೋಗಬೇಕು.

ಈಗ ಎರಡನೆಯ ಪ್ರಶ್ನೆ: ಕೆಲಸಗಾರನು ವೈದ್ಯರ ಬಳಿಗೆ ಏಕೆ ಹೋಗುವುದಿಲ್ಲ? ನಮ್ಮ ಜಿಲ್ಲೆಯಿಂದ ದುಡಿಯಲು ಹೋದ ಎಷ್ಟೋ ಕುಟುಂಬಗಳು ಬೆಂಗಳೂರಿನ ಪಶ್ಚಿಮದ ಬಡಾವಣೆಗಳಲ್ಲಿ ಬಾಡಿಗೆಗೆ ಇವೆ. ಆ ಪೈಕಿ ಅನ್ನಪೂರ್ಣೇಶ್ವರಿ ನಗರವನ್ನೇ ತೆಗೆದುಕೊಳ್ಳೋಣ. ಅಲ್ಲಿಂದ ಮೈಸೂರು ರಸ್ತೆಯ ಉಡುಪು ಕಾರ್ಖಾನೆಗೋ ಪೀಣ್ಯಕ್ಕೋ ಬೆಳಿಗ್ಗೆ ಹೊರಟ ಹೆಣ್ಣುಮಗಳು ಮನೆ ಸೇರುವಾಗ ಕತ್ತಲಾಗಿರುತ್ತದೆ. ೨೦೨೩ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಮ್ಮ ಕ್ಲಿನಿಕ್‌ಗಳನ್ನು ತೆರೆದರು. ವೈದ್ಯರೂ ಔಷಧವೂ ಉಚಿತ. ಒಳ್ಳೆಯ ಕೆಲಸವೇ ಸರಿ. ಆದರೆ ಆಗ ಗೊತ್ತುಮಾಡಿದ ವೇಳೆ ಬೆಳಿಗ್ಗೆ ೯ರಿಂದ ಸಂಜೆ ೪-೩೦. ಅದು ಆಕೆ ಹೊಲಿಗೆ ಯಂತ್ರದ ಮುಂದೆ ಕುಳಿತಿರುವ ಹೊತ್ತು! ಒಂದು ದಿನದ ಕೂಲಿ ಕಳೆದುಕೊಂಡು ಪಡೆಯುವ ಔಷಧ ಉಚಿತವೆಂದು ಹೇಗೆ ಹೇಳುವುದು? ರಾತ್ರಿ ತೆರೆದಿರುವುದು ಔಷಧದ ಅಂಗಡಿಯೊಂದೇ. ಟ್ಯೂಬಿನ ಗುಟ್ಟು ಇಷ್ಟೇ.

ಆದಾಗ್ಯೂ ಇರುವ ದಾರಿಗಳನ್ನು ಬಿಡಬಾರದು. ಕಾರ್ಖಾನೆಯ ಕೆಲಸಗಾರರ ಸಂಬಳದಿಂದ ೨೦೧೯ರ ಜುಲೈನ ದರದಂತೆ ನೂರಕ್ಕೆ ಮುಕ್ಕಾಲು ರೂಪಾಯಿ ಇ.ಎಸ್.ಐ.ಗೆ ಹೋಗುತ್ತದೆ, ಮಾಲೀಕರು ಮೂರೂಕಾಲು ಕೊಡುತ್ತಾರೆ. ಅದು ದಾನವಲ್ಲ, ನಿಮ್ಮ ಹಣ. ರಾಜಾಜಿನಗರದಲ್ಲಿ ವೈದ್ಯಕೀಯ ಕಾಲೇಜೂ ಕೂಡಿರುವ ಇ.ಎಸ್.ಐ. ಆಸ್ಪತ್ರೆಯಿದೆ, ನಿಮ್ಮ ಕುಟುಂಬದವರಿಗೂ ಅಲ್ಲಿ ಹಕ್ಕಿದೆ. ವೈದ್ಯರು ರಜೆ ಬರೆದುಕೊಟ್ಟರೆ, ವಂತಿಗೆಯ ದಿನಗಳು ತುಂಬಿದವರಿಗೆ ವರ್ಷಕ್ಕೆ ೯೧ ದಿನಗಳವರೆಗೆ ಸಂಬಳದ ನೂರಕ್ಕೆ ೭೦ ಭಾಗ ದೊರೆಯುವುದು. ಅಂಗಡಿ, ತಳ್ಳುಗಾಡಿಯವರಿಗೆ ಈ ಸೌಕರ್ಯವಿಲ್ಲ. ಅವರು ನಮ್ಮ ಕ್ಲಿನಿಕ್ಕಿಗೂ, ಅಲ್ಲಿ ಗುಣವಾಗದಿದ್ದರೆ ವಿಕ್ಟೋರಿಯದಂಥ ಸರ್ಕಾರಿ ಆಸ್ಪತ್ರೆಗೂ ಹೋಗತಕ್ಕದ್ದು.

ಖಾಸಗಿ ವೈದ್ಯರೇ ಬೇಕಾದರೆ ಬೋರ್ಡನ್ನು ಓದಿ ಒಳಗೆ ಹೋಗಿ. ೨೦೦೭ರ ಕಾಯ್ದೆಯಂತೆ ಪ್ರತಿ ಕ್ಲಿನಿಕ್ಕೂ ನೋಂದಣಿಯಾಗಿರಬೇಕು. ಆ ಸಂಖ್ಯೆಯನ್ನು ಹೊರಗೆ ಬರೆಯಬೇಕೆಂದೂ, ಅಲೋಪಥಿಗೆ ನೀಲಿ, ಆಯುರ್ವೇದಕ್ಕೆ ಹಸಿರು ಬೋರ್ಡು ಇರಬೇಕೆಂದೂ ೨೦೨೪ರಲ್ಲಿ ರಾಜ್ಯದ ಆರೋಗ್ಯ ಇಲಾಖೆ ಆಜ್ಞೆ ಮಾಡಿತು. ಎಂ.ಬಿ.ಬಿ.ಎಸ್. ಆದವರು ಸಾಮಾನ್ಯ ಚರ್ಮರೋಗವನ್ನು ನೋಡಬಲ್ಲರು, ಚರ್ಮದಲ್ಲೇ ಎಂ.ಡಿ. ಅಥವಾ ಡಿಪ್ಲೊಮ ಮಾಡಿದವರು ತಜ್ಞರು. ಹೋಗುವಾಗ ಈವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ ಕೊಂಡೊಯ್ಯಿರಿ. ಹುಳುಕಡ್ಡಿಗೆ ಔಷಧವನ್ನು ಕಲೆ ಮಾಯವಾದೊಡನೆ ನಿಲ್ಲಿಸದೆ, ಹೇಳಿದಷ್ಟು ವಾರವೂ ಮುಂದುವರಿಸಿ. ಕಜ್ಜಿಯಾದರೆ ಮನೆಯವರೆಲ್ಲ, ತುರಿಕೆ ಇಲ್ಲದವರೂ, ಒಂದೇ ದಿನ ಮುಲಾಮು ಹಚ್ಚಬೇಕು; ಹಾಸಿಗೆ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಬೇಕು. ಒಬ್ಬನೇ ಹಚ್ಚಿಕೊಂಡರೆ ಕಜ್ಜಿ ಮನೆಯೊಳಗೇ ಸುತ್ತುತ್ತಿರುತ್ತದೆ.

ಮೂರು ಸಂಗತಿಗಳಿಗೆ ತಡ ಕೂಡದು. ದದ್ದಿನ ಜೊತೆ ಜ್ವರ ಬಂದರೆ, ಅಥವಾ ಮಾತ್ರೆ ನುಂಗಿದ ಮೇಲೆ ಬಾಯಲ್ಲಿ, ಕಣ್ಣಲ್ಲಿ ಹುಣ್ಣಾದರೆ ಆ ದಿನವೇ ಆಸ್ಪತ್ರೆ ಸೇರಬೇಕು. ಸರ್ಪಸುತ್ತಿಗೆ ಕಾವಿ ಬಳಿಸುತ್ತಾ ಕೂರಬಾರದು. ತಲೆ ಬಾಲ ಕೂಡಿದರೆ ಸಾವೆಂಬುದು ಸುಳ್ಳು. ಅದು ಹಿಂದೆಂದೋ ಬಂದ ಸೀತಾಳೆ ಸಿಡುಬಿನ ವಿಷಾಣುವೇ ಮತ್ತೆ ಎದ್ದದ್ದು. ಗುಳ್ಳೆ ಎದ್ದ ಮೂರು ದಿನದೊಳಗೆ ಔಷಧ ಆರಂಭಿಸಿದರೆ ಹೆಚ್ಚು ಗುಣ. ಮೂರನೆಯದು, ಮುಟ್ಟಿದರೆ ತಿಳಿಯದ ಮಾಸಲು ಕಲೆ. ಅದು ಕುಷ್ಠವಿರಬಹುದು.

ಕುಷ್ಠವೆಂದೊಡನೆ ಬೆಚ್ಚುವವರು ಸುಮನಹಳ್ಳಿಯನ್ನು ನೆನೆಯಲಿ. ಅನ್ನಪೂರ್ಣೇಶ್ವರಿ ನಗರದವರು ದಿನವೂ ದಾಟುವ ಸುಮನಹಳ್ಳಿ ಸೇತುವೆಯ ಹೆಸರು, ೧೯೭೦ರ ದಶಕದ ಕೊನೆಯಲ್ಲಿ ಮಾಗಡಿ ರಸ್ತೆಯಲ್ಲಿ ಕುಷ್ಠರೋಗಿಗಳಿಗಾಗಿ ಹುಟ್ಟಿದ ಆಶ್ರಯದ್ದು. ಇಂದು ಆರು ತಿಂಗಳಿಂದ ಒಂದು ವರ್ಷದ ಔಷಧದಲ್ಲಿ ಕುಷ್ಠ ವಾಸಿಯಾಗುತ್ತದೆ, ಆ ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವಾಗಿ ಹೇಳುತ್ತಿದ್ದ ಕಾನೂನನ್ನೂ ೨೦೧೯ರಲ್ಲಿ ತೆಗೆದುಹಾಕಲಾಯಿತು. ಅಂಗವಿಕಲತೆಗೆ ಕಾರಣ ರೋಗಕ್ಕಿಂತ ಹೆಚ್ಚಾಗಿ ಅದನ್ನು ಮುಚ್ಚಿಡುವ ನಾಚಿಕೆ.

ನಮ್ಮ ಬೇಡಿಕೆಗಳು ದೊಡ್ಡವಲ್ಲ. ದುಡಿಯುವವರ ಬಡಾವಣೆಗಳಲ್ಲಿ ನಮ್ಮ ಕ್ಲಿನಿಕ್ಕೂ ಇ.ಎಸ್.ಐ. ಔಷಧಾಲಯವೂ ರಾತ್ರಿ ೯ರವರೆಗೆ ತೆರೆದಿರಲಿ. ವಾರಕ್ಕೊಂದು ಸಂಜೆ ಚರ್ಮದ ತಜ್ಞರು ಅಲ್ಲಿಗೆ ಬರಲಿ. ಎಣ್ಣೆ, ಬಣ್ಣ, ಸಿಮೆಂಟು ಮುಟ್ಟುವವರಿಗೆ ಮಾಲೀಕರು ಕೈಚೀಲವನ್ನೂ ಕೈತೊಳೆಯುವ ನೀರನ್ನೂ ಕೊಡಲಿ. ಕೆಲಸದಿಂದ ಬಂದ ಚರ್ಮರೋಗವು ೧೯೪೮ರ ಕಾರ್ಖಾನೆ ಕಾನೂನಿನಲ್ಲೇ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿತ್ತು. ಅದನ್ನು ಮಾಲೀಕರಿಗೆ ನೆನಪಿಸುವ ಕೆಲಸ ಸಂಘಗಳದು. ಮುಂದಿನ ಸಂಘದ ಸಭೆಯಲ್ಲಿ ಬೋನಸ್ಸಿನ ಮಾತಿನ ಜೊತೆಗೆ ಸಂಜೆಯ ವೈದ್ಯರ ಮಾತೂ ಬರಲಿ. ತುರಿಕೆಯನ್ನು ಹೇಳಿಕೊಳ್ಳಲು ನಾಚಬೇಕಾದವರು ನಾವಲ್ಲ.