ಜರಡಿಯಲ್ಲಿ ನಿಂತ ಮಂಗಳನ ಮಣ್ಣು

ಮಲಪ್ರಭೆಯ ದಂಡೆಯ ಮನೋಳಿಯಲ್ಲಿ ಮಳೆಯ ಮರುದಿನ ಎರೆಹೊಲಕ್ಕೆ ಇಳಿದವರಿಗೆ ಮಣ್ಣಿನ ಹಟವೆಂಥದೆಂದು ಹೇಳಬೇಕಾಗಿಲ್ಲ. ಕಾಲಿಗೆ ಮೆತ್ತಿದ ಮುದ್ದೆ ಕೊಡವಿದರೂ ಬೀಳದು. ಇಂಥದೇ ಹಟವನ್ನು 2008ರಲ್ಲಿ ಮಂಗಳಗ್ರಹದ ಮಣ್ಣೂ ತೋರಿತು.

ಆ ವರ್ಷದ ಮೇ 25ರಂದು ಅಮೆರಿಕದ ‘ಫೀನಿಕ್ಸ್’ ನೌಕೆಯು ಮಂಗಳನ ಉತ್ತರದ ಬಯಲಿನಲ್ಲಿ ಇಳಿಯಿತು. ಅದರ ಯಂತ್ರಬಾಹುವು ಮಣ್ಣನ್ನು ತೋಡಿ ಪುಟ್ಟ ಕುಲುಮೆಯೊಂದರ ಬಾಯಿಗೆ ಸುರಿಯಿತು. ಹೆಂಟೆಗಟ್ಟಿದ ಮಣ್ಣು ಬಾಯಿಯ ಜರಡಿಯ ಮೇಲೆಯೇ ಕುಳಿತುಬಿಟ್ಟಿತು. ಅಷ್ಟು ದೂರ ಹಾರಿಹೋದ ಯಂತ್ರವು ಹಿಡಿ ಮಣ್ಣಿನ ಮುಂದೆ ಕೈಕಟ್ಟಿ ನಿಂತಿತು! ದಿನಗಟ್ಟಲೆ ಜರಡಿಯನ್ನು ಅದುರಿಸಿದ ಮೇಲೆ, ಜೂನ್ 11ರಂದು, ಕುಲುಮೆ ತುಂಬಿತು. ಮುಂದೆ ಅದೇ ನೌಕೆಯು ಭೂಮಿಯಿಂದ ಒಯ್ದ ನೀರಿನಲ್ಲಿ ಮಣ್ಣನ್ನು ಕಲಸಿ, ಅದು ತುಸು ಕ್ಷಾರೀಯವೆಂದೂ ಅದರಲ್ಲಿ ಪರ್‌ಕ್ಲೋರೇಟ್ ಲವಣವಿದೆಯೆಂದೂ ಕಂಡುಕೊಂಡಿತು. ಕಕ್ಷೆಯಿಂದ ನೋಡಿದ ಯಾವ ನೌಕೆಯೂ ಈ ಲವಣದ ಸುಳಿವನ್ನು ಅದಕ್ಕೆ ಮೊದಲು ಕೊಟ್ಟಿರಲಿಲ್ಲ.

ನಮ್ಮ ಮಂಗಳಯಾನವು 2014ರಿಂದ ಗ್ರಹವನ್ನು ಸುತ್ತಿ 2022ರಲ್ಲಿ ಕೊನೆಗೊಂಡಿತು, ಮಣ್ಣನ್ನು ಮುಟ್ಟಲಿಲ್ಲ. 2023ರಲ್ಲಿ ಚಂದ್ರನ ದಕ್ಷಿಣಧ್ರುವದ ಕಡೆಯ ನೆಲದಲ್ಲಿ ‘ಪ್ರಜ್ಞಾನ’ವು ಗಂಧಕವನ್ನು ಗುರುತಿಸಿದ್ದೂ ಮಣ್ಣನ್ನು ಎತ್ತದೆ, ಲೇಸರ್ ಕಿರಣ ಹಾಯಿಸಿಯೇ. ಇನ್ನು ಎತ್ತುವ ಸರದಿ: ಚಂದ್ರನ ಮಣ್ಣನ್ನು ತರಬೇಕಾದ ಚಂದ್ರಯಾನ-4ಕ್ಕೆ 2024ರಲ್ಲಿ ಕೇಂದ್ರ ಸಚಿವಸಂಪುಟ ಒಪ್ಪಿಗೆಯಿತ್ತಿದೆ. ಆದುದರಿಂದ ನಮ್ಮ ಮತವಿಷ್ಟು. ರಾಕೆಟ್ಟಿನ ಚಿತ್ರ ಬರೆಯಿಸುವ ಉತ್ಸಾಹದಲ್ಲಿ ಅರ್ಧದಷ್ಟನ್ನಾದರೂ ನಮ್ಮ ಶಾಲೆಗಳು ಮಣ್ಣಿನ ಪರೀಕ್ಷೆಗೆ ಕೊಡಬೇಕು. ಅದೂ ಸೀಸೆಯೊಳಗಿನ ಶುದ್ಧ ಪುಡಿಯಿಂದಲ್ಲ, ವಿದ್ಯಾರ್ಥಿಗಳು ತಮ್ಮ ಹೊಲದಿಂದಲೇ ತಂದ ಹಸಿ ಎರೆಯಿಂದ. ಒಂದು ಜರಡಿ, ಭಟ್ಟಿಯಿಳಿಸಿದ ನೀರು, ಲಿಟ್ಮಸ್ ಕಾಗದ: ಇಷ್ಟನ್ನು ಯಾವ ಪ್ರೌಢಶಾಲೆ ಒದಗಿಸಲಾರದು?