ಎಲೆಗಳ ವಂಶಾವಳಿ

ಭವಿಷ್ಯ ನುಡಿಯಲು ಬಳಸುವ 78 ಟ್ಯಾರೊ ಎಲೆಗಳ ಕಟ್ಟೊಂದನ್ನು 1909ರಲ್ಲಿ ಲಂಡನ್ನಿನ ವಿಲಿಯಂ ರೈಡರ್ ಸಂಸ್ಥೆಯು ಪ್ರಕಟಿಸಿತು. ಪಮೇಲಾ ಕೋಲ್ಮನ್ ಸ್ಮಿತ್ ಬರೆದ ಅದರ ಮೂಲಚಿತ್ರಗಳು ಪತ್ತೆಯಾಗಿಲ್ಲ; ನಮಗುಳಿದಿರುವುವು ಅಚ್ಚಿನ ಪ್ರತಿಗಳು ಮಾತ್ರ. ಮೊದಮೊದಲಿನ ಮುದ್ರಣಗಳಲ್ಲಿಯೇ ಗೆರೆ, ಬಣ್ಣ, ಹಿಂಬದಿಯ ವಿನ್ಯಾಸಗಳು ಭಿನ್ನವಾಗಿವೆ. ಕಲ್ಲಚ್ಚಿಗಾಗಿ ಚಿತ್ರವನ್ನು ಪ್ರತಿಮಾಡುವಾಗ ಸೂಕ್ಷ್ಮವಾದ ಗೆರೆಯೊಂದು ಲೋಪವಾಯಿತೆನ್ನೋಣ. ಆ ಪ್ರತಿಯಿಂದ ಹುಟ್ಟಿದ ಮುದ್ರಣಗಳೆಲ್ಲವೂ ಅದೇ ಲೋಪವನ್ನು ಹೊತ್ತು ಬರುತ್ತವೆ. ಸಮಾನವಾದ ದೋಷವೇ ವಂಶದ ಗುರುತು. ಹಳೆಯ ಹಸ್ತಪ್ರತಿಗಳ ಸಂಬಂಧವನ್ನು ವಿದ್ವಾಂಸರು ನಿರ್ಣಯಿಸುವುದೂ ಹೀಗೆಯೇ. ಆದುದರಿಂದ ಅಂದವಾದ ಒಂದು ಕಟ್ಟನ್ನು ಉಳಿಸಿಕೊಂಡು, ಮಸುಕಾದವುಗಳನ್ನು ಕಡೆಗಣಿಸುವುದು ಸಲ್ಲದೆಂದು ನಾವು ಭಾವಿಸುತ್ತೇವೆ. ಈ ಎಲೆಗಳು ನಮ್ಮ ಭವಿಷ್ಯವನ್ನು ನುಡಿಯಲಾರವು. ಹೋಲಿಸಿ ನೋಡುವವರಿಗೆ ತಮ್ಮ ಚರಿತ್ರೆಯನ್ನು ನುಡಿಯಬಲ್ಲವು.